ಸಂಪರ್ಕ ತಪ್ಪಿದ ಯಂತ್ರಗಳು: ದತ್ತಾಂಶ ಸಂಗ್ರಹಗಳ ಜಾಲದಲ್ಲಿ ದೋಷಶೋಧನೆಯ ಇತಿಹಾಸ

೧

ಲಿಖಿತ ದಾಖಲೆಯ ಆಶ್ರಯವು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಕಲ್ಲು, ತಾಮ್ರಪಟ, ತಾಳೆಗರಿ, ಕಡತ, ಕಾಗದ ಇವುಗಳ ಸಾಲಿಗೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದತ್ತಾಂಶ ಸಂಗ್ರಹಯಂತ್ರವೂ ಸೇರಿತು. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ರೋಗಿಗಳ ವಿವರ, ವಿಶ್ವವಿದ್ಯಾನಿಲಯದ ಅಂಕಪಟ್ಟಿ, ನೋಂದಣಿ ಕಚೇರಿಯ ಪತ್ರ ಮುಂತಾದವು ಇಂದು ಬಹುಮಟ್ಟಿಗೆ ಈ ಯಂತ್ರಗಳಲ್ಲಿ ನೆಲೆಸಿವೆ. ಆದರೆ ಹಿಂದಿನ ಆಶ್ರಯಗಳಿಗೂ ಇದಕ್ಕೂ ಒಂದು ಮುಖ್ಯವಾದ ಭೇದವುಂಟು. ಶಾಸನವನ್ನು ಓದಬೇಕಾದವನು ಕಲ್ಲಿನ ಮುಂದೆ ನಿಂತರೆ ಸಾಕು. ಕಡತವನ್ನು ಓದಬೇಕಾದವನು ಅದನ್ನು ಬಿಚ್ಚಿದರೆ ಸಾಕು. ಸಂಗ್ರಹಯಂತ್ರದಲ್ಲಿರುವುದನ್ನು ಓದಬೇಕಾದರೆ ಮಾತ್ರ ಓದುವವನಿಗೂ ಸಂಗ್ರಹಕ್ಕೂ ನಡುವೆ ಒಂದು ಜೀವಂತ ಸಂಪರ್ಕವಿರಬೇಕು. ಆ ಸಂಪರ್ಕವು ತಪ್ಪಿದ ಕ್ಷಣದಲ್ಲಿ, ದಾಖಲೆಯು ಸುರಕ್ಷಿತವಾಗಿದ್ದರೂ ಇಲ್ಲದಂತೆಯೇ ಆಗುತ್ತದೆ.

ಯಂತ್ರವನ್ನು ಜಾಲಕ್ಕೆ ಸೇರಿಸುವ ದ್ವಾರಕ್ಕೆ ಪೋರ್ಟ್ ಎಂದು ಹೆಸರು. ಪೋರ್ಟಿನಿಂದ ಹೊರಟ ಕೇಬಲ್ ಸ್ವಿಚ್ ಎಂಬ ಹಂಚಿಕೆಯ ಯಂತ್ರವನ್ನು ತಲುಪುತ್ತದೆ. ಅಲ್ಲಿಂದ ಮುಂದೆ ಬೇರೆ ಬೇರೆ ಗಣಕಗಳಿಗೆ ಹಾದಿಗಳು ಒಡೆಯುತ್ತವೆ. ಒಂದು ದಿನ ಪೋರ್ಟು ಉತ್ತರ ಕೊಡುವುದಿಲ್ಲ. ಕೇಬಲ್ ಮುರಿದಿರಬಹುದು, ಪೋರ್ಟೇ ಕೆಟ್ಟಿರಬಹುದು, ಸ್ವಿಚ್ಚಿನ ಏರ್ಪಾಡು ತಪ್ಪಿರಬಹುದು, ಸಂಗ್ರಹಯಂತ್ರವೇ ನಿಂತುಹೋಗಿರಬಹುದು, ಇಲ್ಲವೇ ಯಂತ್ರವು ಕೆಲಸದ ಹೊರೆಯಿಂದ ನಿಧಾನವಾಗಿರಬಹುದು, ಅಷ್ಟೇ. ದೂರದಲ್ಲಿ ಕುಳಿತು ನೋಡುವವನಿಗೆ ಈ ಐದೂ ಒಂದೇ ರೀತಿ ತೋರುತ್ತವೆ. ಅವನಿಗೆ ದೊರೆಯುವುದು ಮೌನ ಮಾತ್ರ.

ಈ ಮೌನವನ್ನು ಯಂತ್ರಶಿಲ್ಪಿಗಳು ಹೇಗೆ ಓದುತ್ತ ಬಂದರು, ಓದಿನಲ್ಲಿ ಎಲ್ಲಿ ಎಡವಿದರು, ಯಾವ ಉಪಕರಣಗಳಿಂದ ಅದನ್ನು ತಿದ್ದಿಕೊಂಡರು ಎಂಬುದನ್ನು ಸಂಕ್ಷೇಪವಾಗಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸಂಪರ್ಕ ಕಡಿದದ್ದರಿಂದ ಆದ ಹಾನಿಗಿಂತ, ಕಡಿದ ಸಂಪರ್ಕವನ್ನು ತಪ್ಪಾಗಿ ಅರ್ಥಮಾಡಿದ್ದರಿಂದ ಆದ ಹಾನಿಯೇ ಈ ಇತಿಹಾಸದಲ್ಲಿ ದೊಡ್ಡದು ಎಂಬುದು ಇಲ್ಲಿ ಪ್ರತಿಪಾದಿಸಬೇಕೆಂದಿರುವ ಅಂಶ.

೨

ಈ ಕಥೆಯ ಪೂರ್ವಪೀಠಿಕೆ ಗಣಕಯಂತ್ರಗಳಿಗಿಂತ ಹಳೆಯದು. ಕಣ್ಣಿಗೆ ಕಾಣದ ಸ್ಥಳದಲ್ಲಿ ಕಡಿದ ತಂತಿಯನ್ನು ದಡದಲ್ಲಿ ಕುಳಿತು ಪರೀಕ್ಷಿಸುವ ಸಮಸ್ಯೆ ಮೊದಲು ತೀವ್ರವಾಗಿ ಎದುರಾದುದು ಸಮುದ್ರದೊಳಗಿನ ತಂತಿಗಳ ಕಾಲದಲ್ಲಿ. ೧೮೫೮ರ ಆಗಸ್ಟ್ ೫ರಂದು ಐರ್ಲೆಂಡಿನ ವ್ಯಾಲೆನ್ಷಿಯಾ ದ್ವೀಪಕ್ಕೂ ನ್ಯೂಫೌಂಡ್‌ಲೆಂಡಿಗೂ ನಡುವೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ತಂತಿಯನ್ನು ಹಾಸಿ ಮುಗಿಸಲಾಯಿತು. ವಿಕ್ಟೋರಿಯಾ ರಾಣಿಯು ಅಮೆರಿಕದ ಅಧ್ಯಕ್ಷನಿಗೆ ಕಳುಹಿಸಿದ ೯೮ ಪದಗಳ ಸಂದೇಶವು ಪೂರ್ಣವಾಗಿ ಸಾಗಲು ಸುಮಾರು ೧೬ ಗಂಟೆಗಳು ಹಿಡಿದುವು. ಎರಡು ಖಂಡಗಳಲ್ಲಿಯೂ ಉತ್ಸವಗಳು ನಡೆದುವು. ಆದರೆ ಸೆಪ್ಟೆಂಬರ್ ತಿಂಗಳ ಆರಂಭದ ವೇಳೆಗೆ ತಂತಿಯು ಉಪಯೋಗಕ್ಕೆ ಬಾರದಂತಾಯಿತು. ಆ ತಂತಿಯಲ್ಲಿ ಎಂದೂ ಸಂದೇಶ ಹರಿದೇ ಇರಲಿಲ್ಲ, ಇದೆಲ್ಲ ಮೋಸವೆಂದು ಹೇಳಿದವರೂ ಇದ್ದರು. ಮೌನವನ್ನು ತಪ್ಪಾಗಿ ಓದುವ ರೀತಿಗಳಲ್ಲಿ ಇದೂ ಒಂದು.

ಈ ಪ್ರಸಂಗದಲ್ಲಿ ಇಬ್ಬರ ವಿಧಾನಗಳು ಪರಸ್ಪರ ವಿರುದ್ಧವಾಗಿದ್ದುವು. ಕಂಪನಿಯ ವಿದ್ಯುತ್ ತಜ್ಞನಾಗಿದ್ದ ವೈಲ್ಡ್‌ಮನ್ ವೈಟ್‌ಹೌಸನು ಸಂಕೇತ ದುರ್ಬಲವಾದರೆ ಬಲವನ್ನು ಹೆಚ್ಚಿಸಬೇಕೆಂದು ನಂಬಿ, ಸುಮಾರು ೨೦೦೦ ವೋಲ್ಟುಗಳಷ್ಟು ಒತ್ತಡವನ್ನು ಕೊಡುವ ಸುರುಳಿಗಳನ್ನು ತಂತಿಗೆ ಜೋಡಿಸಿದನು. ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ವಿಲಿಯಂ ಥಾಮ್ಸನ್ ಅವರಾದರೋ ಬಲವನ್ನು ಹೆಚ್ಚಿಸದೆ ಕೇಳುವ ಕಿವಿಯನ್ನು ಸೂಕ್ಷ್ಮಗೊಳಿಸಿದರು. ಅವರು ರಚಿಸಿದ ಕನ್ನಡಿ ಗ್ಯಾಲ್ವನೋಮೀಟರು ಅತ್ಯಲ್ಪ ಪ್ರವಾಹವನ್ನೂ ಬೆಳಕಿನ ಚುಕ್ಕೆಯ ಚಲನೆಯಾಗಿ ತೋರಿಸುತ್ತಿತ್ತು. ತಂತಿಯಲ್ಲಿ ಮೊದಲೇ ದೋಷವಿದ್ದಿತಾದರೂ ವೈಟ್‌ಹೌಸನ ಅತಿಬಲವು ಅದರ ಅಂತ್ಯವನ್ನು ಹತ್ತಿರ ತಂದಿತೆಂಬ ಅಭಿಪ್ರಾಯ ಅನಂತರ ಬಲವಾಗಿ ಬೇರೂರಿತು. ಉತ್ತರ ಬಾರದಿದ್ದಾಗ ಇನ್ನೂ ಗಟ್ಟಿಯಾಗಿ ಕೂಗುವುದು ಒಂದು ಕ್ರಮ. ಸುಮ್ಮನಾಗಿ ಕಿವಿಗೊಡುವುದು ಇನ್ನೊಂದು ಕ್ರಮ. ಈ ಎರಡು ಕ್ರಮಗಳ ಘರ್ಷಣೆಯನ್ನು ನಾವು ಮುಂದೆಯೂ ಕಾಣಲಿದ್ದೇವೆ.

ಭಾರತಕ್ಕೂ ಈ ವಿಷಯಕ್ಕೂ ನೇರವಾದ ಸಂಬಂಧವಿದೆ. ೧೮೫೭ರ ಘಟನೆಗಳ ತರುವಾಯ ಲಂಡನ್ನಿನಿಂದ ಭಾರತಕ್ಕೆ ಶೀಘ್ರವಾಗಿ ಸುದ್ದಿ ಮುಟ್ಟಿಸಬೇಕೆಂಬ ಆತುರದಿಂದ ಸೂಯೆಜ್, ಏಡನ್, ಕರಾಚಿಗಳನ್ನು ಸೇರಿಸುವ ಕೆಂಪು ಸಮುದ್ರದ ತಂತಿಯನ್ನು ೧೮೫೯–೬೦ರಲ್ಲಿ ಸರಕಾರದ ಖಾತರಿಯ ಮೇಲೆ ಹಾಸಲಾಯಿತು. ಅದೂ ಬೇಗನೆ ಕೆಟ್ಟಿತು. ನಷ್ಟದ ಭಾರ ಬೊಕ್ಕಸದ ಮೇಲೆ ಬಿದ್ದಿತು. ಎರಡು ದೊಡ್ಡ ವಿಫಲತೆಗಳ ಕಾರಣವನ್ನು ವಿಚಾರಿಸಲು ನೇಮಿತವಾದ ಸಂಯುಕ್ತ ಸಮಿತಿಯು ೧೮೬೧ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ತಂತಿಯನ್ನು ತಯಾರಿಕೆಯಿಂದ ಹಿಡಿದು ಹಾಸುವ ತನಕ ಪ್ರತಿ ಹಂತದಲ್ಲಿಯೂ ಅಳೆದು ನೋಡಬೇಕೆಂಬ ಶಿಸ್ತು ಆ ಬಳಿಕ ನೆಲೆಯೂರಿತು. ಅದೇ ವರ್ಷ ವಿದ್ಯುದ್ರೋಧದ ಮಾನವನ್ನು ನಿರ್ಣಯಿಸಲು ಬ್ರಿಟಿಷ್ ಅಸೋಸಿಯೇಷನ್ ಒಂದು ಸಮಿತಿಯನ್ನು ರಚಿಸಿತು. ಒಂದು ಮೈಲಿ ತಂತಿಯ ರೋಧ ಇಷ್ಟೆಂದು ತಿಳಿದಿದ್ದರೆ, ದಡದಿಂದ ಅಳೆದ ಒಟ್ಟು ರೋಧದಿಂದ ದೋಷವು ಎಷ್ಟು ಮೈಲಿ ದೂರದಲ್ಲಿದೆಯೆಂದು ಲೆಕ್ಕ ಹಾಕಬಹುದು. ಎರಡು ದಡಗಳಿಂದಲೂ ಅಳೆದರೆ ನಿರ್ಣಯ ಮತ್ತಷ್ಟು ಖಚಿತವಾಗುತ್ತದೆ. ಈ ಶಿಸ್ತಿಗೆ ಒಳಪಟ್ಟು ೧೮೬೪ರಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿ ಹಾಸಿದ ತಂತಿಯು ಭಾರತವನ್ನು ಯೂರೋಪಿನ ತಂತಿಜಾಲಕ್ಕೆ ಸೇರಿಸುವಲ್ಲಿ ಯಶಸ್ವಿಯಾಯಿತು. ೧೮೬೫ರಲ್ಲಿ ನಡುಸಾಗರದಲ್ಲಿ ತುಂಡಾಗಿ ಮುಳುಗಿದ್ದ ಅಟ್ಲಾಂಟಿಕ್ ತಂತಿಯನ್ನು ಮರುವರ್ಷ ‘ಗ್ರೇಟ್ ಈಸ್ಟರ್ನ್’ ಹಡಗು ಮೇಲೆತ್ತಿ ಪೂರ್ಣಗೊಳಿಸಿದ್ದೂ ಇದೇ ಅವಧಿಯ ಸಾಧನೆ.

“ತಂತಿ ಏಕೆ ಕೆಟ್ಟಿತು?” ಎಂಬ ಪ್ರಶ್ನೆಗೆ ಮೊದಲು “ತಂತಿ ಎಲ್ಲಿ ಕೆಟ್ಟಿದೆ?” ಎಂಬ ಪ್ರಶ್ನೆಯನ್ನು ಕೇಳಬೇಕು, ಎರಡು ತುದಿಗಳ ಸಾಕ್ಷ್ಯವನ್ನೂ ಪಡೆಯಬೇಕು, ಊಹೆಗೆ ಮುನ್ನ ಅಳತೆ ನಡೆಯಬೇಕು. ದೋಷಶೋಧನೆಯ ಈ ಮೂರು ಸೂತ್ರಗಳು ಹೀಗೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ರೂಪುಗೊಂಡಿದ್ದುವು.

೩

ದತ್ತಾಂಶ ಸಂಗ್ರಹಯಂತ್ರಗಳಿಗೆ ಆರಂಭದಲ್ಲಿ ಈ ಸೂತ್ರಗಳ ಅಗತ್ಯ ಬೀಳಲಿಲ್ಲ. ೧೯೫೬ರಲ್ಲಿ ಐಬಿಎಂ ಸಂಸ್ಥೆಯು ಪ್ರಕಟಿಸಿದ ರಾಮಾಕ್ ಯಂತ್ರದಲ್ಲಿ ೨೪ ಅಂಗುಲ ವ್ಯಾಸದ ೫೦ ಕಾಂತೀಯ ತಟ್ಟೆಗಳು ೫೦ ಲಕ್ಷ ಅಕ್ಷರಗಳನ್ನು ಹಿಡಿದಿಡುತ್ತಿದ್ದುವು. ಸಂಗ್ರಹವೂ ಗಣಕವೂ ಒಂದೇ ಕೋಣೆಯಲ್ಲಿದ್ದು, ದಪ್ಪನಾದ ಕೇಬಲ್ಲಿನಿಂದ ನೇರವಾಗಿ ಬೆಸೆದುಕೊಂಡಿದ್ದುವು. ಒಂದು ಕೆಟ್ಟರೆ ಅದು ಕೆಟ್ಟಿದೆಯೆಂದು ಎದುರಿಗೆ ನಿಂತವನಿಗೆ ತಿಳಿಯುತ್ತಿತ್ತು. ಒಡೆಯನೊಬ್ಬ, ಸೇವಕನೊಬ್ಬ, ನಡುವೆ ಹಾದಿಯೊಂದು ಎಂಬಂತಿದ್ದ ಈ ಏರ್ಪಾಡು ಸುಮಾರು ಮೂರು ದಶಕಗಳ ಕಾಲ ಪ್ರಧಾನವಾಗಿ ಉಳಿಯಿತು.

ಪರಿಸ್ಥಿತಿಯನ್ನು ಬದಲಾಯಿಸಿದುದು ಸ್ಥಳೀಯ ಜಾಲ. ೧೯೭೩ರ ಮೇ ೨೨ರಂದು ಕ್ಯಾಲಿಫೋರ್ನಿಯದ ಝೆರಾಕ್ಸ್ ಸಂಶೋಧನ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಅವರು ಬರೆದ ಟಿಪ್ಪಣಿಯೊಂದರಲ್ಲಿ ಈಥರ್‌ನೆಟ್ ಎಂಬ ಹೆಸರು ಕಾಣಿಸಿಕೊಂಡಿತು. ಒಂದೇ ಕೇಬಲ್ಲಿಗೆ ಅನೇಕ ಯಂತ್ರಗಳು ಅಂಟಿಕೊಂಡು ಸರದಿಯಿಂದ ಮಾತನಾಡುವ ವಿಧಾನವಿದು. ಇದರಿಂದ ದೊರೆತ ಸೌಕರ್ಯ ದೊಡ್ಡದು. ತಂದ ತೊಂದರೆಯೂ ಹೊಸದು. ಕೇಬಲ್ ಒಂದೆಡೆ ತುಂಡಾದರೆ, ಇಲ್ಲವೇ ಅದರ ತುದಿಗೆ ಸಿಕ್ಕಿಸಿದ ಸಣ್ಣ ರೋಧಕವೊಂದು ಕಳಚಿದರೆ, ಸಂಕೇತಗಳು ಕಡಿದ ತುದಿಯಿಂದ ಪ್ರತಿಫಲಿಸಿ ಹಿಂದಿರುಗಿ ಆ ಭಾಗದ ಯಂತ್ರಗಳೆಲ್ಲ ಒಮ್ಮೆಗೇ ಮೂಕವಾಗುತ್ತಿದ್ದುವು. ದೋಷ ಒಬ್ಬನದು, ಮೌನ ಎಲ್ಲರದು. ಆಗ ಶಿಲ್ಪಿಗಳು ಕೇಬಲ್ಲಿನೊಳಗೆ ವಿದ್ಯುತ್ತಿನ ಮಿಡಿತವನ್ನು ಕಳುಹಿಸಿ, ಅದರ ಪ್ರತಿಧ್ವನಿ ಎಷ್ಟು ಹೊತ್ತಿಗೆ ಮರಳುವುದೆಂದು ಅಳೆದು ದೋಷದ ದೂರವನ್ನು ಕಂಡುಕೊಂಡರು. ಸಮುದ್ರದ ತಂತಿಯ ಪರೀಕ್ಷೆಯೇ ಕಟ್ಟಡದ ಗೋಡೆಯೊಳಗೆ ಬೇರೊಂದು ರೂಪದಲ್ಲಿ ಮರುಕಳಿಸಿತೆನ್ನಬಹುದು.

ಸಂಗ್ರಹವನ್ನು ಜಾಲದ ಮೇಲೆ ಇಡುವ ಕಾರ್ಯದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಎನ್‌ಎಫ್‌ಎಸ್ ಒಂದು ಮೈಲಿಗಲ್ಲು. ೧೯೮೫ರಲ್ಲಿ ವಿದ್ವತ್ ಸಮ್ಮೇಳನದಲ್ಲಿ ವಿವರಿಸಲ್ಪಟ್ಟ ಈ ಏರ್ಪಾಡಿನಲ್ಲಿ ದೂರದ ಯಂತ್ರದಲ್ಲಿರುವ ಕಡತವು ಹತ್ತಿರದ್ದೇ ಎಂಬಂತೆ ಕಾಣುತ್ತಿತ್ತು. ಸಂಪರ್ಕ ತಪ್ಪಿದಾಗ ಏನು ಮಾಡಬೇಕೆಂಬ ವಿಷಯದಲ್ಲಿ ಇದರ ಕರ್ತೃಗಳು ಒಂದು ಸ್ಪಷ್ಟವಾದ ನಿಲುವನ್ನು ತಳೆದರು. ಉತ್ತರ ಬಾರದಿದ್ದರೆ ಗಣಕವು ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕಳುಹಿಸುತ್ತ ಕಾಯಬೇಕು. ಸಂಗ್ರಹಯಂತ್ರವು ಉತ್ತರಿಸುತ್ತಿಲ್ಲ, ಪ್ರಯತ್ನ ಮುಂದುವರಿದಿದೆ ಎಂಬ ಅರ್ಥದ ಸೂಚನೆಯೊಂದು ಪರದೆಯ ಮೇಲೆ ಮೂಡುತ್ತಿತ್ತು. ಬಳಕೆದಾರರಿಗೆ ಇದು ಬೇಸರ ತಂದುದು ನಿಜ. ಆದರೆ ಆ ಸೂಚನೆಯಲ್ಲಿ ಒಂದು ಸತ್ಯನಿಷ್ಠೆಯಿದೆ. ಅದು ಯಂತ್ರ ಸತ್ತಿದೆಯೆಂದು ಹೇಳುವುದಿಲ್ಲ. ಉತ್ತರ ಬಂದಿಲ್ಲವೆಂದಷ್ಟೇ ಹೇಳುತ್ತದೆ. ತಾನು ಕಂಡದ್ದನ್ನೂ ತಾನು ಊಹಿಸಿದ್ದನ್ನೂ ಬೇರೆಯಾಗಿ ಇಡುವ ಸಾಕ್ಷಿಯಂತೆ ಅದರ ನಡತೆ.

ಮುಂದಿನ ವರ್ಷಗಳಲ್ಲಿ ಹಾದಿಗಳು ಹೆಚ್ಚಿದುವು. ಸಂಗ್ರಹಗಳಿಗೆಂದೇ ಮೀಸಲಾದ ಫೈಬರ್ ಚಾನೆಲ್ ಎಂಬ ಜಾಲಕ್ಕೆ ೧೯೯೪ರಲ್ಲಿ ಅಮೆರಿಕದ ಮಾನಕ ಸಂಸ್ಥೆಯ ಮನ್ನಣೆ ದೊರೆಯಿತು. ತಟ್ಟೆಗಳಿಗೆ ಕೊಡುವ ಆಜ್ಞೆಗಳನ್ನು ಸಾಮಾನ್ಯ ಜಾಲದ ಮೂಲಕವೇ ಸಾಗಿಸುವ ಐಸ್ಕಸಿಯ ನಿಯಮಗಳು ೨೦೦೪ರಲ್ಲಿ ಪ್ರಕಟವಾದುವು. ಒಂದು ಹಾದಿ ತಪ್ಪಿದರೆ ಇನ್ನೊಂದಿರಲಿ ಎಂದು ಒಂದೊಂದು ಯಂತ್ರಕ್ಕೂ ಎರಡು, ನಾಲ್ಕು ಪೋರ್ಟುಗಳನ್ನು ಕೊಡುವುದು ರೂಢಿಯಾಯಿತು. ಇದರಿಂದ ಸುರಕ್ಷಿತತೆ ಹೆಚ್ಚಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ದೋಷವು ಕಣ್ಣಿಗೆ ಬೀಳದಂತೆಯೂ ಆಯಿತು. ಎರಡು ಹಾದಿಗಳಲ್ಲಿ ಒಂದು ಕಡಿದಾಗ ಕೆಲಸ ನಿಲ್ಲುವುದಿಲ್ಲವಾದುದರಿಂದ, ಯಾರೂ ಅದನ್ನು ಗಮನಿಸದಿರಬಹುದು. ಎರಡನೆಯದೂ ಕಡಿದ ದಿನ, ಮೊದಲನೆಯದು ಎಂದೋ ಕಡಿದಿತ್ತೆಂಬುದು ಬೆಳಕಿಗೆ ಬರುತ್ತದೆ.

೪

ಮೌನವನ್ನು ಓದಲು ಬೇಕಾದ ಉಪಕರಣಗಳು ಇದೇ ಅವಧಿಯಲ್ಲಿ ಒಂದೊಂದಾಗಿ ಸಿದ್ಧವಾದುವು. ೧೯೮೩ರ ಡಿಸೆಂಬರಿನಲ್ಲಿ ಅಮೆರಿಕದ ಸೈನ್ಯದ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದ ಮೈಕ್ ಮೂಸ್ ಅವರು ಪಿಂಗ್ ಎಂಬ ಸಣ್ಣ ಕ್ರಮವಿಧಿಯನ್ನು ಬರೆದರು. ಜಲಾಂತರ್ಗಾಮಿ ನೌಕೆಯನ್ನು ಹುಡುಕುವ ಸೋನಾರಿನ ಧ್ವನಿಯಿಂದ ಅದಕ್ಕೆ ಆ ಹೆಸರು ಬಂದಿತು. ದೂರದ ಯಂತ್ರಕ್ಕೆ ಒಂದು ಪ್ರಶ್ನೆಯನ್ನು ಕಳುಹಿಸಿ, ಪ್ರತಿಧ್ವನಿಯಂತೆ ಮರಳುವ ಉತ್ತರಕ್ಕಾಗಿ ಕಾದು, ಹಿಡಿದ ಕಾಲವನ್ನು ತಿಳಿಸುವುದಷ್ಟೇ ಅದರ ಕೆಲಸ. ೧೯೮೭ರಲ್ಲಿ ವ್ಯಾನ್ ಜೇಕಬ್ಸನ್ ಅವರು ರಚಿಸಿದ ಟ್ರೇಸ್‌ರೂಟ್ ಮತ್ತೊಂದು ಹೆಜ್ಜೆ ಮುಂದೆ ಹೋಗಿ, ನಡುವಣ ಹಾದಿಯಲ್ಲಿ ಯಾವ ಠಾಣೆಯವರೆಗೆ ಸಂದೇಶ ತಲುಪುತ್ತಿದೆಯೆಂಬುದನ್ನು ತೋರಿಸಿತು. “ಎಲ್ಲಿ?” ಎಂಬ ಹಳೆಯ ಪ್ರಶ್ನೆಗೆ ಹೊಸ ಉತ್ತರ ದೊರೆಯಿತು.

೧೯೯೦ರಲ್ಲಿ ಅಂಗೀಕೃತವಾದ, ಹುರಿಗೊಳಿಸಿದ ಜೋಡಿತಂತಿಯ ಈಥರ್‌ನೆಟ್ಟಿನ ನಿಯಮಗಳಲ್ಲಿ ಇನ್ನೊಂದು ಸೂಕ್ಷ್ಮವಾದ ಏರ್ಪಾಡಿತ್ತು. ಹೇಳಬೇಕಾದ ಮಾತಿಲ್ಲದ ವೇಳೆಯಲ್ಲಿಯೂ ಎರಡು ತುದಿಗಳು ಸುಮಾರು ೧೬ ಮಿಲಿಸೆಕೆಂಡುಗಳಿಗೊಮ್ಮೆ ಒಂದು ಮಿಡಿತವನ್ನು ಪರಸ್ಪರ ಕಳುಹಿಸುತ್ತಿರಬೇಕು. ಮಿಡಿತ ಬರುತ್ತಿರುವ ತನಕ ಪೋರ್ಟಿನ ಬಳಿಯ ಸಣ್ಣ ದೀಪ ಉರಿಯುತ್ತದೆ, ನಿಂತರೆ ಆರುತ್ತದೆ. ಈ ಏರ್ಪಾಡಿನ ಮಹತ್ವವನ್ನು ಸ್ವಲ್ಪ ಯೋಚಿಸಿದರೆ ಮನಗಾಣಬಹುದು. ಮಾತಿಲ್ಲದ ಮೌನಕ್ಕೂ ಸಂಪರ್ಕವಿಲ್ಲದ ಮೌನಕ್ಕೂ ಇದ್ದ ಗೊಂದಲವನ್ನು ಇದು ಒಂದು ಮಟ್ಟಿಗೆ ನಿವಾರಿಸಿತು.

ಆದರೆ ದೀಪದ ಸಾಕ್ಷ್ಯವೂ ಸಂಪೂರ್ಣವಲ್ಲ. ೧೯೯೫ರ ನಿಯಮಗಳ ಪ್ರಕಾರ ಎರಡು ತುದಿಗಳು ತಮ್ಮ ವೇಗವನ್ನೂ ಸಂಭಾಷಣೆಯ ಕ್ರಮವನ್ನೂ ತಾವೇ ಮಾತನಾಡಿ ಗೊತ್ತುಮಾಡಿಕೊಳ್ಳುವ ಪದ್ಧತಿ ಬಂದಿತು. ಒಂದು ತುದಿಯನ್ನು ಈ ಮಾತುಕತೆಗೆ ಬಿಟ್ಟು, ಇನ್ನೊಂದು ತುದಿಗೆ ಕೈಯಿಂದ ಕ್ರಮವನ್ನು ನಿಗದಿಮಾಡಿದರೆ ಒಂದು ವಿಚಿತ್ರ ಸ್ಥಿತಿ ಉಂಟಾಗುತ್ತದೆ. ಒಂದು ತುದಿಯು ಹೇಳುವುದನ್ನೂ ಕೇಳುವುದನ್ನೂ ಒಟ್ಟಿಗೆ ಮಾಡುತ್ತದೆ. ಇನ್ನೊಂದು, ಸರದಿಯಿಂದ ಮಾತ್ರ ಮಾತನಾಡಬೇಕೆಂದು ತಿಳಿದಿರುತ್ತದೆ. ದೀಪ ಎರಡೂ ಕಡೆ ಉರಿಯುತ್ತದೆ. ಸಣ್ಣ ಪ್ರಶ್ನೆಗಳಿಗೆ ಉತ್ತರವೂ ಬರುತ್ತದೆ. ದೊಡ್ಡ ಕಡತವನ್ನು ಸಾಗಿಸಹೊರಟಾಗ ಮಾತ್ರ ಸಂದೇಶಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಕೆಲಸ ಬಸವನಹುಳುವಿನ ವೇಗಕ್ಕೆ ಇಳಿಯುತ್ತದೆ. ಗಾಜಿನ ಎಳೆಗಳಲ್ಲಿ ಹೋಗಲು ಒಂದು, ಬರಲು ಒಂದು ಎಂದು ಜೋಡಿ ಇರುವುದುಂಟು. ಅವುಗಳಲ್ಲಿ ಒಂದೇ ಎಳೆ ಕಡಿದರೆ ಒಂದು ತುದಿಗೆ ಬೆಳಕು ಕಾಣುತ್ತದೆ, ಇನ್ನೊಂದು ತುದಿಗೆ ಕಾಣುವುದಿಲ್ಲ. ಒಬ್ಬನೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡಬಾರದೆಂಬ ನ್ಯಾಯಾಲಯದ ಎಚ್ಚರಿಕೆ ಇಲ್ಲಿಯೂ ಅನ್ವಯಿಸುತ್ತದೆ.

೫

ಈ ಅನುಭವಗಳೆಲ್ಲ ಕೂಡಿ, ಸಂಗ್ರಹಯಂತ್ರದ ಪೋರ್ಟು ಸಂಪರ್ಕ ಕಳೆದುಕೊಂಡಾಗ ಅನುಸರಿಸಬೇಕಾದ ಪರೀಕ್ಷಾಕ್ರಮವೊಂದು ವೃತ್ತಿಯಲ್ಲಿ ನೆಲೆಗೊಂಡಿದೆ. ಅದರ ತರ್ಕವು ಇತಿಹಾಸದ ವಿದ್ಯಾರ್ಥಿಗೆ ಅಪರಿಚಿತವೇನೂ ಅಲ್ಲ.

ಮೊದಲನೆಯದಾಗಿ ದೋಷದ ವ್ಯಾಪ್ತಿಯನ್ನು ಗೊತ್ತುಮಾಡಿಕೊಳ್ಳಬೇಕು. ಒಂದು ಗಣಕಕ್ಕೆ ಮಾತ್ರ ಸಂಗ್ರಹವು ಕಾಣದಿದ್ದರೆ ದೋಷವು ಆ ಗಣಕದ ಕಡೆಗೆ ಇರುವ ಸಂಭವ ಹೆಚ್ಚು. ಎಲ್ಲಕ್ಕೂ ಕಾಣದಿದ್ದರೆ ಸಂಗ್ರಹದ ಕಡೆಗೆ, ಇಲ್ಲವೇ ಎಲ್ಲರಿಗೂ ಸಮಾನವಾದ ಸ್ವಿಚ್ಚಿನ ಕಡೆಗೆ. ಎರಡನೆಯದಾಗಿ ಎರಡು ತುದಿಗಳ ದೀಪಗಳನ್ನೂ ನೋಡಬೇಕು. ಮೂರನೆಯದಾಗಿ ಚೆನ್ನಾಗಿದೆಯೆಂದು ಮೊದಲೇ ತಿಳಿದಿರುವ ಕೇಬಲ್ಲನ್ನು ಹಾಕಿ, ಅದರಿಂದ ಸರಿಹೋಗದಿದ್ದರೆ ಬೇರೆ ಪೋರ್ಟಿಗೆ ಸೇರಿಸಿ ನೋಡಬೇಕು. ಆದರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದವನಿಗೆ ಗುಣ ಯಾವುದರಿಂದ ಬಂದಿತೆಂದು ತಿಳಿಯುವುದಿಲ್ಲ. ಗಾಜಿನ ಎಳೆಯಾದರೆ ಅದರ ತುದಿಯನ್ನು ಶುಚಿಮಾಡಬೇಕು. ಬಹುದೂರದ ಸಂಪರ್ಕಕ್ಕೆ ಬಳಸುವ ಎಳೆಯಲ್ಲಿ ಬೆಳಕು ಹರಿಯುವ ಒಳತಿರುಳಿನ ವ್ಯಾಸ ಸುಮಾರು ೯ ಮೈಕ್ರೋಮೀಟರು ಮಾತ್ರ. ಕಣ್ಣಿಗೆ ಕಾಣದ ಧೂಳಿನ ಕಣವೊಂದು ಬೆಳಕನ್ನು ತಡೆಯಲು ಸಾಕು.

ದೀಪ ಉರಿಯುತ್ತಿದ್ದೂ ಸಂಪರ್ಕವಿಲ್ಲದಿದ್ದರೆ ಪರೀಕ್ಷೆಯು ಮೇಲಿನ ಮಟ್ಟಕ್ಕೆ ಏರುತ್ತದೆ. ಪೋರ್ಟಿನ ದೋಷಗಣನೆಯ ಅಂಕಿಗಳು ಹೆಚ್ಚುತ್ತಿವೆಯೇ? ಸ್ವಿಚ್ಚಿನಲ್ಲಿ ಈ ಪೋರ್ಟನ್ನು ಬೇರೊಂದು ಗುಂಪಿಗೆ ಸೇರಿಸಲಾಗಿದೆಯೇ? ಬೇರೊಂದು ಯಂತ್ರವು ಇದೇ ವಿಳಾಸವನ್ನು ಇಟ್ಟುಕೊಂಡಿದೆಯೇ? ಒಂದೇ ಹೆಸರಿನ ಇಬ್ಬರು ಅರಸರಿದ್ದಾಗ ಶಾಸನಗಳ ಓದಿನಲ್ಲಿ ಉಂಟಾಗುವ ತೊಡಕೇ ಇಲ್ಲಿಯೂ ಉಂಟಾಗಿ, ಸಂಪರ್ಕವು ಬಂದು ಹೋಗಿ ಮಾಡುತ್ತದೆ. ಸಂಗ್ರಹದ ಜಾಲಗಳಲ್ಲಿ ಇನ್ನೊಂದು ವಿಶೇಷವಾದ ದೋಷವುಂಟು. ಈಥರ್‌ನೆಟ್ಟಿನ ಒಂದು ಪೊಟ್ಟಣದಲ್ಲಿ ಸಾಮಾನ್ಯವಾಗಿ ೧೫೦೦ ಬೈಟುಗಳು ಅಡಕವಾಗುತ್ತವೆ. ಸಂಗ್ರಹಗಳ ಅನುಕೂಲಕ್ಕಾಗಿ ಇದನ್ನು ಸುಮಾರು ೯೦೦೦ಕ್ಕೆ ಏರಿಸುವುದುಂಟು. ಎರಡು ತುದಿಗಳಲ್ಲಿ ಏರಿಸಿ ನಡುವಣ ಸ್ವಿಚ್ಚಿನಲ್ಲಿ ಏರಿಸಲು ಮರೆತರೆ ಸಣ್ಣ ಸಂದೇಶಗಳು ದಾಟುತ್ತವೆ, ದೊಡ್ಡವು ದಾರಿಯಲ್ಲಿಯೇ ಬಿದ್ದುಹೋಗುತ್ತವೆ. ಪಿಂಗಿನ ಸಣ್ಣ ಪ್ರಶ್ನೆಗೆ ಉತ್ತರ ಬಂದಿತೆಂದು ಸಂಪರ್ಕ ಸರಿಯಿದೆಯೆಂದು ತೀರ್ಮಾನಿಸಿದವನು ಇಲ್ಲಿ ಮೋಸಹೋಗುತ್ತಾನೆ.

ಕೊನೆಯದಾಗಿ ಘಟನಾವಳಿಯ ಪರಿಶೀಲನೆ. ಪ್ರತಿಯೊಂದು ಯಂತ್ರವೂ ತನಗಾದ ಘಟನೆಗಳನ್ನು ಕಾಲನಿರ್ದೇಶದೊಡನೆ ಬರೆದಿಡುತ್ತದೆ. ಆದರೆ ಎರಡು ಯಂತ್ರಗಳ ಗಡಿಯಾರಗಳು ಒಂದಕ್ಕೊಂದು ಹೊಂದದಿದ್ದರೆ ಯಾವ ಘಟನೆ ಕಾರಣ, ಯಾವುದು ಪರಿಣಾಮವೆಂದು ಹೇಳಲಾಗದು. ಶಕವರ್ಷವೂ ಸಂವತ್ಸರವೂ ಹೊಂದದ ಶಾಸನದ ಕಾಲನಿರ್ಣಯದಲ್ಲಿ ನಾವು ಪಡುವ ಪಾಡನ್ನು ಇದು ನೆನಪಿಗೆ ತರುತ್ತದೆ. ಜಾಲದ ಗಡಿಯಾರಗಳನ್ನು ಹೊಂದಿಸಲು ಡೇವಿಡ್ ಮಿಲ್ಸ್ ಅವರು ರೂಪಿಸಿದ ನಿಯಮಗಳು ೧೯೮೫ರಲ್ಲಿ ಪ್ರಕಟವಾದುದು ಈ ದೃಷ್ಟಿಯಿಂದ ಗಮನಾರ್ಹ. ಯಂತ್ರವನ್ನು ಆರಿಸಿ ಮತ್ತೆ ಹಚ್ಚುವ ಸುಲಭೋಪಾಯವನ್ನು ಅನುಭವಿಗಳು ಮೊದಲ ಹೆಜ್ಜೆಯಾಗಿ ಒಪ್ಪದಿರುವುದಕ್ಕೂ ಇದೇ ಕಾರಣ. ಅದರಿಂದ ದೋಷ ಹೋಗಬಹುದು. ಆದರೆ ದೋಷದ ಸಾಕ್ಷ್ಯವೂ ಅದರೊಡನೆ ಅಳಿಸಿಹೋಗಬಹುದು.

೬

ಪರೀಕ್ಷೆಯನ್ನು ಮನುಷ್ಯನು ಮಾಡುತ್ತಿರುವ ತನಕ ಕಾಯಲು ಅವಕಾಶವಿರುತ್ತದೆ. ಸಂಗ್ರಹಗಳು ಬೃಹತ್ತಾದಂತೆಲ್ಲ ಮೌನವನ್ನು ಓದುವ ಅಧಿಕಾರವನ್ನು ಯಂತ್ರಕ್ಕೇ ಒಪ್ಪಿಸಬೇಕಾಯಿತು. ಜೊತೆಯ ಯಂತ್ರವು ಇಷ್ಟು ಸೆಕೆಂಡು ಉತ್ತರಿಸದಿದ್ದರೆ ಅದು ಸತ್ತಿತೆಂದು ತಿಳಿದು ಅದರ ಕೆಲಸವನ್ನು ತಾನು ವಹಿಸಿಕೊಳ್ಳಬೇಕೆಂಬ ನಿಯಮವನ್ನು ಅದಕ್ಕೆ ಕಲಿಸಲಾಯಿತು. ಈ ನಿಯಮದಲ್ಲಿ ಅಡಗಿರುವ ಅಪಾಯವನ್ನು ವಿದ್ವಾಂಸರು ಮೊದಲೇ ಕಂಡಿದ್ದರು. ಫಿಶರ್, ಲಿಂಚ್, ಪ್ಯಾಟರ್ಸನ್ ಎಂಬ ಮೂವರು ೧೯೮೫ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧವು, ಸಂದೇಶ ತಲುಪಲು ಹಿಡಿಯುವ ಕಾಲಕ್ಕೆ ಮಿತಿಯಿಲ್ಲದ ಜಾಲದಲ್ಲಿ ಒಂದೇ ಒಂದು ಯಂತ್ರ ನಿಂತುಹೋಗುವ ಸಂಭವವಿದ್ದರೂ ಉಳಿದವು ಖಂಡಿತವಾಗಿ ಒಮ್ಮತಕ್ಕೆ ಬರುವುವೆಂದು ಭರವಸೆ ಕೊಡುವ ವಿಧಾನ ಯಾವುದೂ ಇರಲಾರದೆಂದು ಸಿದ್ಧಪಡಿಸಿತು. ಅದರ ಬೇರಿನಲ್ಲಿರುವ ಕಷ್ಟ ಸರಳವಾದುದು: ಸತ್ತ ಯಂತ್ರಕ್ಕೂ ನಿಧಾನವಾದ ಯಂತ್ರಕ್ಕೂ ಭೇದವನ್ನು ದೂರದಿಂದ ನಿಶ್ಚಯಿಸಲಾಗದು. ಇದು ಉಪಕರಣದ ಕೊರತೆಯಲ್ಲ, ವಿಷಯದ ಸ್ವಭಾವ. ಈ ಮಾತಿನ ತೂಕವನ್ನು ಎರಡು ಘಟನೆಗಳಿಂದ ಅಳೆಯಬಹುದು. ಎರಡಕ್ಕೂ ಸಂಬಂಧಪಟ್ಟ ಸಂಸ್ಥೆಗಳು ತಾವಾಗಿಯೇ ವಿವರವಾದ ವರದಿಗಳನ್ನು ಪ್ರಕಟಿಸಿವೆ.

೨೦೧೧ರ ಏಪ್ರಿಲ್ ೨೧ರಂದು ಅಮೆರಿಕದ ಪೂರ್ವಭಾಗದಲ್ಲಿದ್ದ ಅಮೆಜಾನ್ ಸಂಸ್ಥೆಯ ಸಂಗ್ರಹಜಾಲದಲ್ಲಿ ಸಾಮರ್ಥ್ಯವನ್ನು ಹೆಚ್ಚಿಸುವ ಸಾಮಾನ್ಯ ಕೆಲಸವೊಂದು ನಡೆಯುತ್ತಿತ್ತು. ಆಗ ಮುಖ್ಯ ಹಾದಿಯ ಸಂಚಾರವನ್ನು ಸಮಾನವಾದ ಬೇರೊಂದು ಹಾದಿಗೆ ತಿರುಗಿಸುವ ಬದಲು, ತಪ್ಪಿ, ಕಡಿಮೆ ಸಾಮರ್ಥ್ಯದ ಕಿರುಹಾದಿಗೆ ತಿರುಗಿಸಲಾಯಿತು. ಕಿರುಹಾದಿ ತುಂಬಿ ಕಟ್ಟಿಕೊಂಡಿತು. ಅನೇಕ ಸಂಗ್ರಹಯಂತ್ರಗಳು ತಮ್ಮ ಜೊತೆಗಾರರಿಂದ ಬೇರ್ಪಟ್ಟುವು. ಅಲ್ಲಿ ಪ್ರತಿಯೊಂದು ದತ್ತಾಂಶಕ್ಕೂ ಬೇರೊಂದು ಯಂತ್ರದಲ್ಲಿ ಪ್ರತಿಯನ್ನಿಡುವ ನಿಯಮವಿತ್ತು. ಸಂಪರ್ಕ ಮರಳಿದೊಡನೆ, ತಮ್ಮ ಪ್ರತಿಗಳು ನಾಶವಾದುವೆಂದು ಭಾವಿಸಿದ ಯಂತ್ರಗಳೆಲ್ಲ ಒಮ್ಮೆಗೇ ಹೊಸ ಪ್ರತಿಗಳಿಗಾಗಿ ಬರಿದಾದ ಸ್ಥಳವನ್ನು ಹುಡುಕತೊಡಗಿದುವು. ಸ್ಥಳ ಬೇಗನೆ ಮುಗಿಯಿತು. ದೊರೆಯದವು ಮತ್ತೆ ಮತ್ತೆ ಹುಡುಕುತ್ತಲೇ ಇದ್ದುವು. ಈ ಗದ್ದಲದಲ್ಲಿ ಆ ವಲಯದ ಸಂಗ್ರಹಗಳಲ್ಲಿ ಶೇಕಡ ೧೩ರಷ್ಟು ಸ್ತಬ್ಧವಾದುವು. ಪೂರ್ಣ ಚೇತರಿಕೆಗೆ ದಿನಗಳೇ ಹಿಡಿದುವು, ಶೇಕಡ ೦.೦೭ರಷ್ಟು ಸಂಗ್ರಹಗಳನ್ನು ಸುಸಂಗತವಾದ ಸ್ಥಿತಿಗೆ ತರುವುದು ಕೊನೆಗೂ ಆಗಲಿಲ್ಲ. ಹಾದಿಯ ತಪ್ಪನ್ನು ಬೇಗನೆ ತಿದ್ದಲಾಗಿತ್ತು. ಹಾನಿಯನ್ನು ಬೆಳೆಸಿದುದು ಪ್ರತಿಗಳು ಸತ್ತಿವೆಯೆಂಬ ನಂಬಿಕೆ ಮತ್ತು ಆ ನಂಬಿಕೆಯ ಮೇಲೆ ಎಲ್ಲರೂ ಒಟ್ಟಿಗೆ ನಡೆದುಕೊಂಡದ್ದು. ವೈಟ್‌ಹೌಸನ ವಿಧಾನವೇ ಇಲ್ಲಿ ಸಾವಿರ ಯಂತ್ರಗಳ ರೂಪದಲ್ಲಿ ಮರಳಿ ಬಂದಂತಿದೆ. ಉತ್ತರ ಬಾರದಿದ್ದಾಗ ಅವೂ ಇನ್ನಷ್ಟು ಗಟ್ಟಿಯಾಗಿ ಕೂಗಿದುವು.

ಎರಡನೆಯ ಘಟನೆ ೨೦೧೮ರ ಅಕ್ಟೋಬರ್ ೨೧ರದು. ಗಿಟ್‌ಹಬ್ ಸಂಸ್ಥೆಯವರು ಕೆಡುತ್ತಿದ್ದ ಬೆಳಕಿನ ಉಪಕರಣವೊಂದನ್ನು ಬದಲಾಯಿಸುತ್ತಿದ್ದಾಗ, ಅವರ ಪೂರ್ವತೀರದ ಜಾಲಕೇಂದ್ರಕ್ಕೂ ದತ್ತಾಂಶ ಕೇಂದ್ರಕ್ಕೂ ಇದ್ದ ಸಂಪರ್ಕ ಕಡಿಯಿತು. ಕಡಿದುದು ೪೩ ಸೆಕೆಂಡುಗಳ ಕಾಲ ಮಾತ್ರ. ಅಷ್ಟರಲ್ಲಿಯೇ ನಿಯಂತ್ರಕ ಯಂತ್ರಗಳು ಪೂರ್ವದ ಮುಖ್ಯ ಸಂಗ್ರಹಗಳು ಇಲ್ಲವಾದುವೆಂದು ನಿರ್ಣಯಿಸಿ ಪಶ್ಚಿಮತೀರದ ಸಂಗ್ರಹಗಳಿಗೆ ಪಟ್ಟ ಕಟ್ಟಿದುವು. ಪೂರ್ವದಲ್ಲಿ ಆಗಲೇ ಬರೆಯಲ್ಪಟ್ಟು ಪಶ್ಚಿಮಕ್ಕೆ ಇನ್ನೂ ತಲುಪದಿದ್ದ ಬರಹಗಳು ಕೆಲವಿದ್ದುವು. ಅತಿ ಹೆಚ್ಚು ಕೆಲಸವಿದ್ದ ಸಂಗ್ರಹಗಳಲ್ಲೊಂದರಲ್ಲಿ ಅಂಥವು ೯೫೪. ಪಶ್ಚಿಮದಲ್ಲಿ ಪೂರ್ವಕ್ಕೆ ತಿಳಿಯದ ಹೊಸ ಬರಹಗಳು ಸೇರತೊಡಗಿದುವು. ಹೀಗೆ ಒಂದೇ ಗ್ರಂಥಕ್ಕೆ ಎರಡು ಪಾಠಗಳು ಹುಟ್ಟಿಕೊಂಡುವು. ಯಾವುದನ್ನೂ ಕಳೆಯಬಾರದು, ಸೇವೆ ತಡವಾದರೂ ಚಿಂತೆಯಿಲ್ಲವೆಂದು ಸಂಸ್ಥೆಯು ನಿಶ್ಚಯಿಸಿ, ಎರಡು ಪಾಠಗಳನ್ನು ಹೊಂದಿಸಿ ವ್ಯವಸ್ಥೆಯನ್ನು ಸರಿಪಡಿಸುವ ವೇಳೆಗೆ ೨೪ ಗಂಟೆ ೧೧ ನಿಮಿಷಗಳು ಕಳೆದುವು. ಸೆಕೆಂಡುಗಳ ಮೌನಕ್ಕೆ ಒಂದು ದಿನಕ್ಕೂ ಮಿಗಿಲಾದ ದಂಡ ತೆರಬೇಕಾಯಿತು. ಹಸ್ತಪ್ರತಿಗಳ ಸಂಪಾದನೆಯಲ್ಲಿ ಪಳಗಿದವರಿಗೆ ಈ ಶ್ರಮದ ಸ್ವರೂಪವನ್ನು ವಿವರಿಸಬೇಕಾಗಿಲ್ಲ.

ಇಂಥ ಪ್ರಸಂಗಗಳಿಗೆ ಪರಿಹಾರವಾಗಿ ಶಿಲ್ಪಿಗಳು ಕಂಡುಕೊಂಡಿರುವ ಉಪಾಯಗಳಲ್ಲಿ ಎರಡು ಮುಖ್ಯವಾದುವು. ಇಬ್ಬರ ನಡುವೆ ಸಂಪರ್ಕ ತಪ್ಪಿದಾಗ ನಿರ್ಣಯಕ್ಕೆ ಮೂರನೆಯ ಸಾಕ್ಷಿಯೊಂದು ಬೇಕು. ಹೆಚ್ಚು ಮತವುಳ್ಳ ಪಕ್ಷವೇ ಬರೆಯಬೇಕು, ಉಳಿದುದು ಸುಮ್ಮನಿರಬೇಕು ಎಂಬುದು ಒಂದು. ಅಧಿಕಾರವನ್ನು ವಹಿಸಿಕೊಳ್ಳುವ ಮೊದಲು, ಹಿಂದಿನ ಅಧಿಕಾರಿಯು ಇನ್ನು ಬರೆಯಲಾಗದಂತೆ ಅವನ ಹಾದಿಗೆ ಬೇಲಿ ಹಾಕಬೇಕೆಂಬುದು ಇನ್ನೊಂದು. ಅವನು ಸತ್ತಿದ್ದಾನೆಂಬ ಊಹೆ ಸಾಲದು. ಬದುಕಿದ್ದರೂ ಕೇಡಾಗದಂತೆ ನೋಡಿಕೊಳ್ಳಬೇಕು. ಎರಡೂ ಮೌನದ ಅರ್ಥವನ್ನು ಬಿಡಿಸಿ ಹೇಳುವುದಿಲ್ಲ. ಅರ್ಥ ತಿಳಿಯದಿದ್ದರೂ ಅನರ್ಥವಾಗದಂತೆ ತಡೆಯುತ್ತವೆ.

೭

ಮೇಲಿನ ವಿವೇಚನೆಯಿಂದ ಒಂದು ತೀರ್ಮಾನಕ್ಕೆ ಬರಬಹುದು. ೧೮೫೮ರಿಂದ ೨೦೧೮ರ ವರೆಗಿನ ನೂರ ಅರುವತ್ತು ವರ್ಷಗಳಲ್ಲಿ ತಂತಿಯು ಗಾಜಿನ ಎಳೆಯಾಯಿತು. ಗಂಟೆಗೆ ಕೆಲವು ಪದಗಳನ್ನು ಸಾಗಿಸುತ್ತಿದ್ದ ಹಾದಿಯು ಕ್ಷಣಮಾತ್ರದಲ್ಲಿ ಗ್ರಂಥಭಂಡಾರಗಳನ್ನೇ ಸಾಗಿಸುವಂತಾಯಿತು. ಆದರೆ ದೋಷಶೋಧನೆಯ ತಿರುಳು ಬದಲಾಗಿಲ್ಲ. ಕಾರಣಕ್ಕೆ ಮುನ್ನ ಸ್ಥಳವನ್ನು ಹುಡುಕುವುದು, ಎರಡು ತುದಿಗಳನ್ನೂ ವಿಚಾರಿಸುವುದು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದು, ಸಾಕ್ಷ್ಯವನ್ನು ಅಳಿಸದಿರುವುದು, ಉತ್ತರ ಬಾರದಿದ್ದುದನ್ನು ಸಾವೆಂದು ಭಾವಿಸದಿರುವುದು ಇವು ಅಂದಿನಂತೆಯೇ ಇಂದಿಗೂ ಅದರ ಆಧಾರಗಳು.

ಇತಿಹಾಸದ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ವಿಷಯವನ್ನು ಗಮನಿಸಬೇಕಾದುದಕ್ಕೆ ಎರಡು ಕಾರಣಗಳುಂಟು. ಮುಂದಿನ ಇತಿಹಾಸಕಾರನು ಅಭ್ಯಸಿಸಬೇಕಾದ ಆಕರಗಳು ಇಂಥ ಯಂತ್ರಗಳಲ್ಲಿಯೇ ಇರುತ್ತವೆಯಾದುದರಿಂದ ಅವು ಉಳಿಯುವ, ಅಳಿಯುವ, ಎರಡು ಪಾಠಗಳಾಗಿ ಒಡೆಯುವ ರೀತಿಯನ್ನು ಅವನು ಅರಿತಿರಬೇಕು. ಇದು ಮೊದಲನೆಯದು. ಎರಡನೆಯದು ನಮ್ಮ ಶಾಸ್ತ್ರಕ್ಕೇ ಸಂಬಂಧಿಸಿದ್ದು. ಶಾಸನ ದೊರೆಯದ ಕಾಲದಲ್ಲಿ ಅರಸನಿರಲಿಲ್ಲವೆಂದೂ, ಗ್ರಂಥ ಉಳಿಯದ ಕಾಲದಲ್ಲಿ ಕವಿಯಿರಲಿಲ್ಲವೆಂದೂ ಹೇಳಿಬಿಡುವ ಆತುರ ನಮ್ಮಲ್ಲಿಯೂ ಇಲ್ಲದಿಲ್ಲ. ಆಕರವು ಮಾತನಾಡದಿದ್ದಾಗ ಅಲ್ಲಿ ಹೇಳುವವನು ಇರಲಿಲ್ಲವೋ, ಹೇಳಿದ್ದು ನಮ್ಮವರೆಗೆ ಬರುವ ಹಾದಿ ಕಡಿದಿದೆಯೋ ಎಂಬುದನ್ನು ಮೊದಲು ವಿಚಾರಿಸಬೇಕು. ಪೋರ್ಟಿನ ಆರಿದ ದೀಪದ ಮುಂದೆ ನಿಂತ ಶಿಲ್ಪಿಯು ಅನುಸರಿಸುವ ಈ ಸಂಯಮವು ಇತಿಹಾಸಕಾರನಿಗೂ ವಿಹಿತವಾದುದು.